ಗಿರಣಿ ಸಾಲಿನ ಪತ್ತೇದಾರರು

ಆ ಊರಿನಲ್ಲಿ ಕೊಲೆಗಾರ ಯಾರೆಂದು ಗೊತ್ತಿಲ್ಲದ ಮನುಷ್ಯ ಒಬ್ಬನೂ ಇರಲಿಲ್ಲ. ತೊಟ್ಟಿಲ ಕೂಸಿಗೆ ಮಾತು ಬಂದಿದ್ದರೆ ಅದೂ ಒಂದು ಹೆಸರು ಹೇಳುತ್ತಿತ್ತು. ತೊಂದರೆ ಇದ್ದದ್ದು ಒಂದೇ, ಒಬ್ಬರು ಹೇಳಿದ ಹೆಸರನ್ನು ಇನ್ನೊಬ್ಬರು ಹೇಳುತ್ತಿರಲಿಲ್ಲ. ಪಾಪ, ಪೊಲೀಸರಿಗೆ ಮಾತ್ರ ಯಾವ ಹೆಸರೂ ಗೊತ್ತಾಗದೆ ವರ್ಷಗಟ್ಟಲೆ ಫೈಲು ಹೊತ್ತು ತಿರುಗಿದರು. ಒಂದು ಡಬ್ಬಿ ಗೋಧಿ ಹಿಡಿದು ಗಿರಣಿಗೆ ಬಂದು ಸಾಲಿನಲ್ಲಿ ಕೂತಿದ್ದರೆ ಹಿಟ್ಟಿನ ಜೊತೆಗೆ ಕೊಲೆಗಾರನನ್ನೂ ಹೊತ್ತುಕೊಂಡು ಹೋಗಬಹುದಿತ್ತು.

ನಡೆದದ್ದು ಇಷ್ಟೇ. ಒಂದು ಮಧ್ಯಾಹ್ನ ಹಿಟ್ಟಿನ ಗಿರಣಿಯವನು ಗಿರಣಿಯ ಹಿಂದಿನ ಕಾಲುವೆ ಏರಿಯ ಮೇಲೆ ಸತ್ತು ಬಿದ್ದಿದ್ದ. ತಲೆಗೆ ಪೆಟ್ಟು. ಬೀಸುಕಲ್ಲು ಎತ್ತುವ ಅವನದೇ ಹಾರೆ ಪಕ್ಕದಲ್ಲಿತ್ತು. ಅಪ್ಪನಿಗೆ ಚಹಾ ಕೊಟ್ಟು ಬರುತ್ತೇನೆಂದು ಫ್ಲಾಸ್ಕು ಹಿಡಿದು ಹೋದ ಎಂಟು ವರ್ಷದ ಮಗಳು ಕಾಣಲಿಲ್ಲ. ಫ್ಲಾಸ್ಕು ಏರಿಯ ಮೇಲೆ ನೆಟ್ಟಗೆ ನಿಂತಿತ್ತು, ಮುಚ್ಚಳ ಬಿಗಿಯಾಗಿತ್ತು, ಒಳಗಿನ ಚಹಾ ಇನ್ನೂ ಬಿಸಿಯಾಗಿತ್ತು. ಕಾಲುವೆಯ ನೀರು ನಿಲ್ಲಿಸಿ ಕೆಸರೆಲ್ಲ ಜಾಲಾಡಿದರು, ಮಗು ನೀರಿಗೆ ಬಿದ್ದಿರಲಿಲ್ಲ. ಯಾರೋ ಎತ್ತಿಕೊಂಡು ಹೋಗಿದ್ದರು. ಇಷ್ಟು ಬಿಟ್ಟರೆ ಅಂದಿಗೂ ಇಂದಿಗೂ ಯಾರಿಗೂ ಏನೂ ಗೊತ್ತಿಲ್ಲ. ಮಿಕ್ಕದ್ದೆಲ್ಲ ಊರಿನವರ ಸ್ವಂತ ದುಡಿಮೆ.

ಗಿರಣಿಯವನ ಹೆಂಡತಿ ಕಣ್ಣಲ್ಲಿ ನೀರು ಬತ್ತುವವರೆಗೂ ಅತ್ತಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಿರಣಿಯ ಬಾಗಿಲು ತೆಗೆದಳು. ಊರು ಅವಳನ್ನು ಗಿರಣಿ ಅಕ್ಕ ಎಂದು ಕರೆಯಿತು. ಅವಳಿಗೂ ಒಂದು ಹೆಸರಿತ್ತೆಂಬುದು ನಿಧಾನಕ್ಕೆ ಎಲ್ಲರಿಗೂ ಮರೆತುಹೋಯಿತು, ಕೊನೆಕೊನೆಗೆ ಅವಳಿಗೂ.

ಗಿರಣಿಯೆಂದರೆ ತಗಡಿನ ಮಾಡಿನ ಒಂದೇ ಕೋಣೆ. ಒಂದು ಕಡೆ ಮೋಟಾರು, ನಡುವೆ ಸುತ್ತುವ ಪಟ್ಟಾ, ಇನ್ನೊಂದು ಕಡೆ ಕಲ್ಲು. ಕಲ್ಲಿನ ಬಾಯಿಗೆ ಕಟ್ಟಿದ ಬಟ್ಟೆಯ ಚೀಲದಿಂದ ಹಿಟ್ಟು ಇಳಿಯುತ್ತಿತ್ತು. ಗೋಡೆ, ಜೇಡರ ಬಲೆ, ಬಾಗಿಲ ಚಿಲಕ, ಅಕ್ಕನ ಹುಬ್ಬು ಎಲ್ಲಕ್ಕೂ ಒಂದೇ ಬಣ್ಣ. ಬಾಗಿಲ ಪಕ್ಕದ ಉದ್ದನೆ ಬೆಂಚಿನ ಮೇಲೆ ಸರದಿಗೆ ಕಾಯುವವರು ಕೂರುತ್ತಿದ್ದರು, ಅವರ ಮುಂದೆ ಅವರವರ ಡಬ್ಬಿಗಳೂ ಶಿಸ್ತಾಗಿ ಕೂರುತ್ತಿದ್ದವು. ಮೋಟಾರು ಶುರುವಾದರೆ ಪಕ್ಕದವನ ಮಾತು ಪಕ್ಕದವನಿಗೆ ಕೇಳದು. ಹಾಗಾಗಿ ಊರಿನ ಗುಟ್ಟುಗಳನ್ನೆಲ್ಲ ಅಲ್ಲಿ ಕಿರುಚಿಯೇ ಹೇಳಬೇಕಾಗುತ್ತಿತ್ತು.

"ಅಕ್ಕನಿಗೆ ಕೇಳಿಸೀತು, ಮೆಲ್ಲಗೆ!" ಎಂದು ಒಬ್ಬ ಕಿರುಚುವನು.

"ಅವಳ ಕಿವಿ ಯಾವತ್ತೋ ಹೋಗಿದೆ ಬಿಡಿ!" ಎಂದು ಇನ್ನೊಬ್ಬ ಅದಕ್ಕಿಂತ ಜೋರಾಗಿ ಕಿರುಚುವನು.

ಅಕ್ಕನ ಕಿವಿ ಎಲ್ಲಿಗೂ ಹೋಗಿರಲಿಲ್ಲ. ಕಲ್ಲಿನ ಸದ್ದು ಅವಳಿಗೆ ತನ್ನ ಉಸಿರಿನ ಹಾಗಾಗಿತ್ತು. ತನ್ನ ಉಸಿರು ತನಗೆ ಅಡ್ಡ ಬರುತ್ತದೆಯೇ? ಅದರ ಮೇಲೆ ತೇಲುವ ಮಾತೆಲ್ಲ ಅವಳಿಗೆ ಒಂದೊಂದಾಗಿ ಕೇಳುತ್ತಿತ್ತು. ಕೇಳದವಳ ಹಾಗೆ ಇರುತ್ತಿದ್ದಳು. ಇಷ್ಟು ಹೊಟ್ಟಿನಲ್ಲಿ ಎಲ್ಲಾದರೂ ಒಂದು ಕಾಳು ಸಿಕ್ಕೀತೆಂಬ ಆಸೆ. ಮಾತಿಗೆ ಬಿಸಿ ಏರಿದಾಗ ಕಾಳು ಮುಗಿದರೂ ಮೋಟಾರು ನಿಲ್ಲಿಸದೆ ಬರೀ ಕಲ್ಲು ತಿರುಗಿಸುತ್ತಿದ್ದಳು. ಕಲ್ಲು ಸವೆಯಿತು. ಕಾಳು ಸಿಗಲಿಲ್ಲ.

ಮೊದಲು ಊರು ಹಿಡಿದದ್ದು ಬಾವಿ ತೋಡುವವನನ್ನು. ಅವನ ತಪ್ಪೇನೆಂದರೆ, ಗಿರಣಿಯವನ ಹೆಣದ ಮುಂದೆ ಲೆಕ್ಕಕ್ಕಿಂತ ಜಾಸ್ತಿ ಅತ್ತ. "ಅಣ್ಣತಮ್ಮಂದಿರೇ ಅಷ್ಟು ಅಳಲ್ಲ, ಇವನಿಗೇನು?" ಎಂದರು. ಆಮೇಲೆ ಹಿಡಿದದ್ದು ಅಕ್ಕನ ಮೈದುನನನ್ನು, ಸತ್ತವನ ಸ್ವಂತ ತಮ್ಮನನ್ನು. ಅವನು ಅತ್ತದ್ದು ಕಡಿಮೆಯಾಯಿತು. ಕೊಲೆಯಾದ ಹೊತ್ತಿಗೆ ಅವನು ದೂರದ ಪೇಟೆಯಲ್ಲಿ ಲಾರಿಯಿಂದ ಮೂಟೆ ಇಳಿಸುತ್ತಿದ್ದ, ಪೇಟೆಗೆ ಪೇಟೆಯೇ ನೋಡಿತ್ತು. ಅದೇ ಅವನಿಗೆ ಮುಳುವಾಯಿತು.

"ಅಷ್ಟು ಜನ ನೋಡೋ ಜಾಗದಲ್ಲಿ ಅವತ್ತೇ ಯಾಕಿದ್ದ?" ಎಂದು ಕೇಳಿದರು ಹೆಡ್‌ಮೇಷ್ಟ್ರು. ಅವರು ನಿವೃತ್ತರು. ಪಾಠ ಹೇಳುವುದು ಬಿಟ್ಟಿದ್ದರೂ ತಪ್ಪು ಹುಡುಕುವುದು ಬಿಟ್ಟಿರಲಿಲ್ಲ. "ತಪ್ಪಿಲ್ಲದವನಿಗೆ ಸಾಕ್ಷಿ ಯಾಕೆ ಬೇಕು? ನಾನು ಅವತ್ತು ಮನೆಯಲ್ಲಿ ಒಬ್ಬನೇ ಮಲಗಿದ್ದೆ, ನನ್ನ ನೋಡಿದವರು ಯಾರಾದರೂ ಇದ್ದಾರಾ? ಇಲ್ಲ! ಹಾಗಿರತ್ತೆ ನಿಜ!"

ಬೆಂಚು ತಲೆದೂಗಿತು. ಮೈದುನ ಒಂದು ವರ್ಷ ಹಲ್ಲು ಕಚ್ಚಿಕೊಂಡಿದ್ದ. ಆಮೇಲೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟ. "ನೋಡಿದ್ರಾ, ಓಡಿಹೋದ!" ಎಂದಿತು ಬೆಂಚು.

ಬೆಂಚಿಗೆ ತನ್ನದೇ ಒಂದು ಕಟ್ಟಳೆ ಇತ್ತು. ಕೂತಿರುವವರ ಮೇಲೆ ಅನುಮಾನ ಪಡುವ ಹಾಗಿಲ್ಲ, ಅದು ಮರ್ಯಾದೆಯಲ್ಲ. ಹಿಟ್ಟು ಬೀಸಿಸಿಕೊಂಡು, ಡಬ್ಬಿ ತಲೆ ಮೇಲಿಟ್ಟುಕೊಂಡು ಹೊಸ್ತಿಲು ದಾಟಿದರೋ, ಅವರ ಬೆನ್ನು ಮರೆಯಾಗುವುದರೊಳಗೆ ಅವರೇ ಕೊಲೆಗಾರರು. ಇದು ಎಲ್ಲರಿಗೂ ಗೊತ್ತಿದ್ದರಿಂದ ಮೊದಲು ಎದ್ದು ಹೋಗಲು ಯಾರಿಗೂ ಮನಸ್ಸಿರಲಿಲ್ಲ.

"ಹಿಟ್ಟು ಬಿಸಿ ಇದೆ, ಆರಲಿ," ಎಂದು ಡಬ್ಬಿಯ ಮುಚ್ಚಳ ತೆಗೆದಿಟ್ಟು ಮತ್ತೆ ಕೂರುವರು. ಹಿಟ್ಟು ತಣ್ಣಗಾಗಿ, ಮನೆಯಲ್ಲಿ ಒಲೆಯೂ ತಣ್ಣಗಾಗಿ, ಹೆಂಡತಿ ಬಂದು ಬಾಗಿಲಲ್ಲಿ ನಿಂತು, "ಇಲ್ಲೇ ಸಂಸಾರ ಹೂಡ್ತೀರೋ, ಮನೆಗೆ ಬರ್ತೀರೋ?" ಎಂದು ಕೂಗುವವರೆಗೂ ಆರುತ್ತಲೇ ಇರುತ್ತಿತ್ತು.

ಹೀಗೆ ಊರಿನ ಎಲ್ಲರ ಸರದಿಯೂ ಮುಗಿದಾಗ, ಯಾವತ್ತೂ ಹೊಸ್ತಿಲು ದಾಟದೆ ಅಲ್ಲೇ ಇರುವ ಒಬ್ಬಳು ಉಳಿದಳು. ಅವಳನ್ನು ಕಂಡುಹಿಡಿದ ಕೀರ್ತಿ ಟೈಲರ್‌ಗೆ ಸಲ್ಲಬೇಕು. ಅಳತೆ ಟೇಪನ್ನು ಹಾವಿನ ಹಾಗೆ ಕುತ್ತಿಗೆಗೆ ಹಾಕಿಕೊಂಡೇ ತಿರುಗುವ ಮನುಷ್ಯ. ಎಷ್ಟೋ ಅಂಗಿಗಳ ತೋಳು ಗಿಡ್ಡ ಮಾಡಿದ್ದರೂ ಅವನ ಯೋಚನೆ ಮಾತ್ರ ಉದ್ದ.

"ಚಹಾ ಬಿಸಿ ಇತ್ತಂತೆ," ಎಂದ ಟೈಲರ್.

"ಇತ್ತು. ಅದಕ್ಕೆ?"

"ಆ ಚಹಾ ಮಾಡಿದ್ದು ಯಾರು?"

ಎಲ್ಲರೂ ತಿರುಗಿ, ಬೆನ್ನು ಹಾಕಿ ನಿಂತು ಕಲ್ಲಿಗೆ ಗೋಧಿ ಸುರಿಯುತ್ತಿದ್ದ ಅಕ್ಕನನ್ನು ನೋಡಿದರು. ಅಕ್ಕ ಒಂದೇ ಒಂದು ಕಾಳೂ ಚೆಲ್ಲದೆ ಸುರಿಯುತ್ತಿದ್ದಳು. ಅದನ್ನೂ ಬರೆದಿಟ್ಟುಕೊಂಡರು ಮನಸ್ಸಿನಲ್ಲೇ: ಕೈ ನಡುಗಲ್ಲ.

ಇಷ್ಟೆಲ್ಲ ಭಿನ್ನಾಭಿಪ್ರಾಯ ಇದ್ದರೂ ಒಂದು ವಿಷಯದಲ್ಲಿ ಊರಿಗೆ ಊರೇ ಒಗ್ಗಟ್ಟಾಗಿತ್ತು. ಬಿಳಿ ಜೀಪು. ಆ ಮಧ್ಯಾಹ್ನ ಕಾಲುವೆ ದಾರಿಯಲ್ಲಿ ಬಿಳಿ ಜೀಪು ಹೋದದ್ದನ್ನು ಎಲ್ಲರೂ ಕಂಡಿದ್ದರು. ಮೊದಮೊದಲು ಬರೀ ಜೀಪು ಇತ್ತು. ವರ್ಷ ಕಳೆದಂತೆ ಅದಕ್ಕೆ ಪರದೆ ಬಂತು, ಪರದೆಯೊಳಗೆ ಮೀಸೆಯವನು ಬಂದ, ಕೊನೆಗೆ ಪರದೆಯ ಸಂದಿಯಿಂದ ಮಗುವಿನ ಪುಟ್ಟ ಕೈಯೂ ಹೊರಬಂತು. ಆ ಕೈಯ ಮಾತು ಬಂದಾಗ ಮಾತ್ರ ಅಕ್ಕ ಮೋಟಾರು ನಿಲ್ಲಿಸಿ ಹೊರಗೆ ಹೋಗಿ ನಿಲ್ಲುತ್ತಿದ್ದಳು. "ಕರೆಂಟು ಹೋಯ್ತೇನೋ," ಎನ್ನುತ್ತಿತ್ತು ಬೆಂಚು.

ಹೀಗಿರುವಾಗ ಹೊಸ ಇನ್ಸ್‌ಪೆಕ್ಟರ್ ಬಂದ. ಚಿಕ್ಕ ವಯಸ್ಸು. ಬೂಟಿಗೆ ಹಿಟ್ಟು ಮೆತ್ತಿದರೂ ಬೇಸರ ಪಡದೆ ಒಳಗೆ ಬಂದು, ಮೋಟಾರು ನಿಲ್ಲಿಸಲು ಸನ್ನೆ ಮಾಡಿದ.

"ಅಮ್ಮಾ, ಹಳೇ ಫೈಲುಗಳನ್ನ ಮುಚ್ಚಿ ಅಂತ ಮೇಲಿಂದ ಹೇಳಿದ್ದಾರೆ. ನಿಮ್ಮದೂ ಅದರಲ್ಲಿದೆ. ಹೇಳದೇ ಮಾಡೋದು ಸರಿಯಲ್ಲ ಅನ್ನಿಸ್ತು, ಬಂದೆ."

"ಮುಚ್ಚಿದ್ರೆ ಏನಾಗತ್ತೆ ಸಾರ್?"

"ಏನೂ ಆಗಲ್ಲ," ಎಂದವನು, ಅವಳ ಮುಖ ನೋಡಿ ನಿಜ ಹೇಳಿದ. "ಮಗು ಫೋಟೋ ಠಾಣೆಗಳಿಗೆ ಹೋಗೋದು ನಿಲ್ಲತ್ತೆ. ಎಲ್ಲಾದರೂ ಸಿಕ್ಕಿದವರನ್ನ ಹೋಲಿಸಿ ನೋಡೋದೂ ನಿಲ್ಲತ್ತೆ. ಯಾರೂ ಫೋನು ಮಾಡಲ್ಲ."

ಅಕ್ಕ ಕಲ್ಲಿಗೆ ಕೈಯಿಟ್ಟು ನಿಂತಳು. ವರ್ಷಕ್ಕೊಂದು ಸಲವೋ ಎರಡು ಸಲವೋ ಫೋನು ಬರುತ್ತಿತ್ತು. ಯಾವುದೋ ಆಸ್ಪತ್ರೆಯಲ್ಲಿ, ಯಾವುದೋ ಆಶ್ರಮದಲ್ಲಿ ಹೆಸರು ಹೇಳದ ಹುಡುಗಿಯೊಬ್ಬಳು ಇದ್ದಾಳೆ, ಬಂದು ನೋಡಿ ಎನ್ನುವರು. ಅಕ್ಕ ಬಸ್ಸು ಹತ್ತಿ ಹೋಗುವಳು. ನೋಡುವಳು. ಅಲ್ಲ ಎನ್ನುವಳು. ಆ ಯಾರದೋ ಮಗಳ ತಲೆ ಸವರಿ ವಾಪಸು ಬರುವಳು.

"ಅಲ್ಲ ಅಂತ ಹೇಳೋಕಾದ್ರೂ ಒಬ್ಬರು ಕರೀತಾರಲ್ಲ ಸಾರ್," ಎಂದಳು. "ಅದೂ ಇಲ್ಲಾಂದ್ರೆ ಅವಳು ಇದ್ದಾಳೆ ಅನ್ನೋದು ನನ್ನೊಬ್ಬಳ ತಲೆಯಲ್ಲಿ ಮಾತ್ರ ಉಳಿಯತ್ತೆ. ನನ್ನ ತಲೆ ಎಷ್ಟು ದಿನ ಇರತ್ತೆ?"

ಇನ್ಸ್‌ಪೆಕ್ಟರ್ ಟೋಪಿ ತಿರುಗಿಸುತ್ತಾ ಕೂತ. "ಹೊಸದಾಗಿ ಒಬ್ಬರು, ಒಬ್ಬರೇ ಸಾಕು, ಕಣ್ಣಾರೆ ಕಂಡದ್ದನ್ನ ಸಹಿ ಹಾಕಿ ಕೊಟ್ರೆ ನಾನು ಮೇಲೆ ಬರೀಬಹುದು. ಮುಂದಿನ ವಾರ ಬರ್ತೀನಿ. ಯಾರಾದ್ರೂ ಇದ್ದಾರಾ?"

ಅಕ್ಕನಿಗೆ ಆ ಹೊತ್ತಿನಲ್ಲೂ ನಗು ಬಂತು. "ಊರೆಲ್ಲ ಇದ್ದಾರೆ ಸಾರ್."

ಮಾರನೇ ದಿನವೇ ಮನೆಮನೆಗೆ ಹೊರಟಳು. ಹೆಡ್‌ಮೇಷ್ಟ್ರು ಜಗಲಿಯಲ್ಲಿ ಪೇಪರು ಓದುತ್ತಿದ್ದರು. ಕೊಲೆ ಸುದ್ದಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುವ ಅಭ್ಯಾಸ ಅವರಿಗೆ.

"ಮೇಷ್ಟ್ರೇ, ಜೀಪು ನೋಡಿದ್ದೆ ಅಂದಿದ್ರಿ. ಒಂದು ಸಹಿ ಬೇಕಾಗಿತ್ತು."

"ಜೀಪಾ? ಏನಮ್ಮಾ, ನಿನಗೆ ಕಿವಿ ಕೇಳಿಸತ್ತಾ?"

"ನಿಮ್ಮದು ಪಾಠ ಹೇಳಿದ ಗಂಟಲು. ಕಿವುಡರಿಗೂ ಕೇಳಿಸತ್ತೆ."

ಮೇಷ್ಟ್ರು ಪೇಪರನ್ನು ನಾಲ್ಕು ಮಡಿಕೆ ಮಾಡಿದರು. "ನೋಡು ತಂಗೀ, ನೋಡಿದ್ದೆ ಅನ್ನೋದು ಬೇರೆ, ನೋಡಿದ್ದೆ ಅಂತ ಬರೆದುಕೊಡೋದು ಬೇರೆ. ಅವತ್ತು ನಾನು ಮನೆಯಲ್ಲಿ ಮಲಗಿದ್ದೆ, ಊರಿಗೇ ಗೊತ್ತು. ಟೈಲರ್‌ನ ಕೇಳು. ಅವನ ಬಾಯಿಂದಲೇ ನಾನು ಕೇಳಿದ್ದು."

ಟೈಲರ್ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದ. ಅಕ್ಕ ವಿಷಯ ಹೇಳಿದ ಮೇಲೆ ಇನ್ನೂ ಎರಡು ಕಚ್ಚಿಕೊಂಡ.

"ಮ್ಮ್ ಮ್ಮ್," ಎಂದ.

"ಪಿನ್ನು ತೆಗೆದು ಹೇಳಪ್ಪಾ."

"ಅಕ್ಕಾ, ನಾನು ಕೂತು ಹೊಲಿಯೋನು. ಕಾಲುವೆ ಕಡೆ ನನಗೇನು ಕೆಲಸ? ಹಾಲಿನವನು ಸೈಕಲ್ಲಲ್ಲಿ ಆ ದಾರೀಲೇ ಹೋಗಿದ್ದು. ಅವನು ಹೇಳಿದ್ದಕ್ಕೆ ನಾನು ಅಲ್ಲಲ್ಲಿ ಒಂದೆರಡು ಹೊಲಿಗೆ ಹಾಕಿರಬಹುದು, ಅಷ್ಟೇ."

ಹಾಲಿನವನು ಕ್ಯಾನು ತೊಳೆಯುತ್ತಿದ್ದ. ಅವನ ಹಾಲಿನಲ್ಲೂ ಮಾತಿನಲ್ಲೂ ನಿಜ ಎಷ್ಟು, ನೀರು ಎಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ. "ಅಯ್ಯೋ ಅಕ್ಕಾ, ನಾನು ನೋಡಿದ್ದು ಜೀಪಿನ ಧೂಳು! ಧೂಳಿಗೆ ಸಹಿ ಹಾಕೋಕಾಗತ್ತಾ? ಅದು ಜೀಪಿನ ಧೂಳು ಅಂತ ನನಗೆ ಆಮೇಲೆ ಹೇಳಿದ್ದು ನಮ್ಮ ಬೀದಿಯ ಕಡ್ಡಿಯಜ್ಜಿ. ಅವಳು ಮಗಳ ಊರಿಗೆ ಹೋಗಿದ್ದಾಳೆ, ವಾರ ಬಿಟ್ಟು ಬರ್ತಾಳೆ."

ಹೀಗೆ ಒಂದು ವಾರ ಪೂರ್ತಿ ಅಕ್ಕ ಬೀದಿ ಸುತ್ತಿದಳು. ಬೆಂಚಿನ ಮೇಲೆ ಹುಲಿಗಳಾಗಿದ್ದವರು ಮನೆಯೊಳಗೆ ಇಲಿಗಳಾಗಿದ್ದರು. ಒಬ್ಬನಂತೂ ತಾನೇ ಬಾಗಿಲು ತೆಗೆದು, "ಮನೇಲಿಲ್ಲ," ಎಂದ.

ಹೇಳಿದ ದಿನ ಇನ್ಸ್‌ಪೆಕ್ಟರ್ ಬಂದು ಗಿರಣಿಯ ಬೆಂಚಿನ ಎದುರಿಗೆ ಸ್ಟೂಲು ಹಾಕಿಕೊಂಡು ಕೂತ. ಹಿಟ್ಟು ಮುಗಿದಿದ್ದವರೂ, ಮುಗಿಯದಿದ್ದವರೂ ಎಲ್ಲ ಬಂದಿದ್ದರು. ಸಹಿ ಹಾಕುವುದಕ್ಕಲ್ಲ, ಬೇರೆಯವರು ಹಾಕುವುದನ್ನು ನೋಡುವುದಕ್ಕೆ. ಮೋಟಾರು ನಿಂತಿತ್ತು. ಆ ಕೋಣೆಯಲ್ಲಿ ಸುಮ್ಮನೆ ಕೂತು ಅಭ್ಯಾಸವಿಲ್ಲದ ಬೆಂಚಿಗೆ ತನ್ನ ಹೊಟ್ಟೆ ಗುಡುಗುಡು ಎನ್ನುವುದೂ ಕೇಳುತ್ತಿತ್ತು.

"ಜೀಪು ಕಂಡವರು ಯಾರು?" ಎಂದ ಇನ್ಸ್‌ಪೆಕ್ಟರ್.

ಮೇಷ್ಟ್ರು ಟೈಲರ್ ಕಡೆ ನೋಡಿದರು. ಟೈಲರ್ ಹಾಲಿನವನ ಕಡೆ ನೋಡಿದ. ಹಾಲಿನವನು ಕಡ್ಡಿಯಜ್ಜಿಯ ಕಡೆ ಬೆರಳು ಮಾಡಿದ. ಅಜ್ಜಿಗೆ ಆ ಹೆಸರು ಬಂದದ್ದು ಕಡ್ಡಿಯ ಹಾಗಿದ್ದಳೆಂದೋ, ಕಡ್ಡಿಯನ್ನು ಗುಡ್ಡ ಮಾಡುತ್ತಿದ್ದಳೆಂದೋ, ಹೇಳುವುದು ಕಷ್ಟ.

"ನೀವು ನೋಡಿದ್ರಾ ಅಜ್ಜೀ?"

"ನನಗೆ ಎದುರಿಗಿರೋ ನೀನೇ ಸರಿಯಾಗಿ ಕಾಣಲ್ಲ ಮಗಾ, ಜೀಪೆಲ್ಲಿ ನೋಡಲಿ?"

"ಮತ್ತೆ ಜೀಪಿನ ಮಾತು ನಿಮಗೆ ಹೇಳಿದ್ದು ಯಾರು?"

"ಇವಳೇ!" ಅಜ್ಜಿ ಅಕ್ಕನ ಕಡೆಗೆ ಗದ್ದ ಎತ್ತಿದಳು. "ಅವತ್ತು ಸಂಜೆ ತಲೆ ಕೆದರಿಕೊಂಡು ಓಡಿ ಬಂದ್ಲು. 'ಅಜ್ಜೀ, ಈ ಕಡೆ ಬಿಳೀ ಜೀಪು ಹೋಯ್ತಾ?' ಅಂದ್ಲು. ಮಗು ಹೆತ್ತ ತಾಯಿ ಸುಮ್ಮನೆ ಕೇಳ್ತಾಳಾ? ಹೋಗಿರಬೇಕು ಅಂದುಕೊಂಡೆ. ಬಂದವರಿಗೆಲ್ಲ ಹೇಳಿದೆ. ಒಳ್ಳೇದಕ್ಕೇ ಹೇಳಿದ್ದು."

ಬೆಂಚು ಅಕ್ಕನ ಕಡೆ ತಿರುಗಿತು.

ಅಕ್ಕನಿಗೆ ಆ ಸಂಜೆ ಚಿತ್ರದ ಹಾಗೆ ಎದುರಿಗೆ ಬಂದು ನಿಂತಿತು. ಬೆಳಿಗ್ಗೆ ಮಕ್ಕಳಿಗೆ ಲಸಿಕೆ ಹಾಕುವವರು ಬಿಳಿ ಜೀಪಿನಲ್ಲಿ ಬಂದುಹೋಗಿದ್ದರು. ಮಗಳು ಅದರ ಹಿಂದೆ ಓಡಿ ಕೈ ಬೀಸಿದ್ದಳು. ಆ ಜೀಪು ಮತ್ತೆ ಬಂದು, ಮಗು ಹಟ ಮಾಡಿ ಹತ್ತಿಕೊಂಡಿರಲಿ, ದೇವರೇ, ಅಷ್ಟೇ ಆಗಿರಲಿ ಎಂಬ ಆಸೆಯಿಂದ ಬಾಗಿಲು ಬಾಗಿಲಿಗೆ ಹೋಗಿ ಕೇಳಿದ್ದಳು. ಅವಳು ಬೇಡಿದ ಆಸೆಯನ್ನೇ ಊರು ಬಣ್ಣ ಬಳಿದು, ಪರದೆ ಕಟ್ಟಿ, ಮೀಸೆ ಅಂಟಿಸಿ ಇಷ್ಟು ವರ್ಷ ಅವಳಿಗೇ ವಾಪಸು ಕೊಡುತ್ತಿತ್ತು. ಅವಳೂ ಅದನ್ನು ನಂಬಿ ಕಲ್ಲು ಸವೆಸಿದ್ದಳು.

"ಆ ಲಸಿಕೆ ಜೀಪಿನ ವಿಷಯ ಫೈಲಲ್ಲಿದೆ ಅಮ್ಮಾ," ಎಂದ ಇನ್ಸ್‌ಪೆಕ್ಟರ್ ಮೆಲ್ಲಗೆ. "ಮಧ್ಯಾಹ್ನ ಅದು ಬೇರೆ ಊರಲ್ಲಿ ಕೆಟ್ಟು ನಿಂತಿತ್ತು. ಆಗಲೇ ವಿಚಾರಿಸಿದ್ದಾರೆ." ಅವನು ಪೆನ್ನಿನ ಕ್ಯಾಪು ಹಾಕಿದ. "ಹಾಗಾದ್ರೆ ಸಾಕ್ಷಿ ಅಂತ ಯಾರೂ ಇಲ್ಲ."

ಯಾರೋ ನಿಟ್ಟುಸಿರು ಬಿಟ್ಟರು. ಅದು ದುಃಖದ್ದಲ್ಲ, ಪಾರಾದೆವಲ್ಲ ಎಂಬುದರದ್ದು.

"ಸಾರ್, ಒಂದು ಮಾತು," ಎಂದಳು ಅಕ್ಕ. "ಸಾಕ್ಷಿ ಇಲ್ಲ, ಸರಿ. ಬರೀ ಅನುಮಾನ ಇದ್ರೆ ಸಾಕಾಗಲ್ವಾ?"

"ಅನುಮಾನ ಅಂದ್ರೆ... ಇಂಥವರ ಮೇಲೆ ಅಂತ ನಾಲ್ಕು ಜನ ಸಹಿ ಹಾಕಿ ಕೊಟ್ರೆ ವಿಚಾರಣೆ ಮಾಡಲೇಬೇಕು. ವಿಚಾರಣೆ ಮುಗಿಯೋವರೆಗೂ ಫೈಲು ಮುಚ್ಚೋ ಹಾಗಿಲ್ಲ."

"ವಿಚಾರಣೆ ಎಷ್ಟು ದಿನ ಹಿಡಿಯತ್ತೆ?"

ಇನ್ಸ್‌ಪೆಕ್ಟರ್ ಪ್ರಾಮಾಣಿಕ ಮನುಷ್ಯ. "ನಮ್ಮ ಇಲಾಖೆಯಲ್ಲಾ? ನಾನು ರಿಟೈರ್ ಆಗೋವರೆಗೂ ಹಿಡಿಯಬಹುದು."

"ಹಾಗಾದ್ರೆ ಬರ್ಕೊಳ್ಳಿ. ಗಿರಣಿ ಅಕ್ಕನ ಮೇಲೆ ಊರಿಗೆ ಅನುಮಾನ."

ಮೊದಲು ಬಾಯಿ ಬಂದದ್ದು ಮೇಷ್ಟ್ರಿಗೆ. "ಛೆ ಛೆ! ಏನು ಮಾತಮ್ಮಾ ಇದು? ನಿನ್ನಂಥ ಸಾಧ್ವಿ ಮೇಲೆ ನಾವು?"

"ಚಹಾ ಮಾಡಿದ್ದು ಯಾರು ಅಂತ ಕೇಳಿದ್ದು ಟೈಲರ್. ಗಂಡ ಸತ್ತು ತಿಂಗಳಾಗೋದ್ರೊಳಗೆ ಗಿರಣಿ ತೆಗೆದ್ಲು ಅಂದಿದ್ದು ಹಾಲಿನವನು. ಹೆತ್ತ ಮಗುವನ್ನ ಮಾರಿಕೊಂಡಿರಬೇಕು ಅಂದಿದ್ದು ನೀವು ಮೇಷ್ಟ್ರೇ. ಅವತ್ತು ನಿಮ್ಮ ಹಿಟ್ಟು ಸ್ವಲ್ಪ ತರಿಯಾಗಿ ಬಂತು, ನನ್ನ ಕೈ ನಡುಗಿತ್ತು, ಕ್ಷಮಿಸಿ."

ಟೈಲರ್ ಎದ್ದು ನಿಂತ. "ಅಕ್ಕಾ, ಅದೆಲ್ಲಾ ಹೊತ್ತು ಹೋಗೋಕೆ ಆಡಿದ ಬಾಯಿಮಾತು..."

"ಆ ಬಾಯಿಮಾತಿಗೇ ನನ್ನ ಮೈದುನ ಊರು ಬಿಟ್ಟ. ಅವನು ನನ್ನ ಮನೆ ಹೊಸ್ತಿಲು ತುಳಿದು ಎಷ್ಟು ವರ್ಷವಾಯ್ತು ಗೊತ್ತಾ? ಈಗ ಅದನ್ನೇ ಕೈಯಲ್ಲಿ ಹೇಳಿ. ಸಹಿ ಹಾಕಿ."

"ಹಾಕದಿದ್ರೆ?"

"ಹಾಕದಿದ್ರೆ ಇವತ್ತಿನಿಂದ ನಿಮ್ಮ ಗೋಧಿ ನೀವೇ ಅಗಿದು ತಿನ್ನಿ. ನಾನು ಬೀಸಲ್ಲ."

ಇನ್ನೊಂದು ಗಿರಣಿ ಇದ್ದದ್ದು ಗುಡ್ಡದ ಆಚೆ. ಬೆಂಚು ತನ್ನ ಡಬ್ಬಿಗಳನ್ನು ನೋಡಿತು, ಗುಡ್ಡ ನೆನೆಯಿತು, ಅತ್ಯಂತ ಭಾರವಾದ ಮನಸ್ಸಿನಿಂದ ಸಾಲಾಗಿ ನಿಂತಿತು. ನ್ಯಾಯಕ್ಕಾಗಿ ಒಬ್ಬನೂ ಏಳದಿದ್ದ ಊರು ಹಿಟ್ಟಿಗಾಗಿ ಪೂರ್ತಿ ಎದ್ದು ನಿಂತಿತು. ಹಾಲಿನವನು ಸಹಿ ಹಾಕಿ, "ಅಕ್ಕಾ, ನನ್ನ ಡಬ್ಬಿ ಎರಡನೇದು, ನೆನಪಿರಲಿ," ಎಂದ.

ಕಡ್ಡಿಯಜ್ಜಿ ಮಾತ್ರ ಕೈ ಮುಷ್ಟಿ ಮಾಡಿಕೊಂಡು ಅತ್ತಳು. "ನಿನ್ನ ಮೇಲೆ ಹೆಬ್ಬೆಟ್ಟು ಒತ್ತಿದ್ರೆ ನನ್ನ ಕೈಗೆ ಹುಳ ಬೀಳತ್ತೆ ಮಗಳೇ."

ಅಕ್ಕ ಆ ಮುಷ್ಟಿಯನ್ನು ಒಂದೊಂದೇ ಬೆರಳು ಬಿಡಿಸಿದಳು. "ಇದು ನನ್ನ ಮೇಲೆ ಒತ್ತೋದಲ್ಲ ಅಜ್ಜೀ. ಇದನ್ನ ಒತ್ತಿದ್ರೆ ಅವಳು ಇನ್ನೂ ಇದ್ದಾಳೆ ಅಂತ ಅರ್ಥ. ಒತ್ತು."

ಅಜ್ಜಿ ಒತ್ತಿದಳು.

ಇನ್ಸ್‌ಪೆಕ್ಟರ್ ಕಾಗದ ಮಡಿಚುವಾಗ ಅವಳ ಮುಖ ನೋಡಲಿಲ್ಲ. "ಅಮ್ಮಾ, ಇದು ತಮಾಷೆಯಲ್ಲ. ಕೇಳದೇ ಊರು ಬಿಡೋ ಹಾಗಿಲ್ಲ. ಆಗಾಗ ಠಾಣೆಗೆ ಬಂದು ಹೋಗಬೇಕು. ಜನ ಬೆರಳು ಮಾಡಿ ತೋರಿಸ್ತಾರೆ."

"ನಾನೆಲ್ಲಿಗೆ ಹೋಗಲಿ ಸಾರ್? ಅವಳು ಬಂದ್ರೆ ಮನೇಲಿ ಒಬ್ಬರು ಇರಬೇಡ್ವಾ? ಬೆರಳಂತೂ ಇವರಿಗೆ ಮೊದಲೇ ಹತ್ತತ್ತು ಇವೆ."

ಎರಡು ದಿನದ ಮೇಲೆ ಫೋಟೋ ತೆಗೆಯಲು ಠಾಣೆಗೆ ಕರೆದರು. ಅಷ್ಟರಲ್ಲಿ ಬೆಂಚು ಹೊಸ ದಾರಿ ಹಿಡಿದಿತ್ತು. ತಪ್ಪಿಲ್ಲದಿದ್ದರೆ ತಾನಾಗಿ ಯಾಕೆ ಒಪ್ಪಿಕೊಂಡಳು ಎಂದು ಟೈಲರ್, ತಪ್ಪಿದ್ದರೆ ಯಾಕೆ ಒಪ್ಪಿಕೊಳ್ಳುತ್ತಿದ್ದಳು ಎಂದು ಹಾಲಿನವನು. ಮೇಷ್ಟ್ರು ಇಬ್ಬರಿಗೂ ಸರಿ ಎಂದು ಅಂಕ ಕೊಟ್ಟರು.

ಠಾಣೆಯ ಹಿಂದಿನ ಕೋಣೆಯಲ್ಲಿ ಸುಣ್ಣದ ಗೋಡೆಗೆ ಎತ್ತರ ಅಳೆಯುವ ಗೆರೆಗಳಿದ್ದವು. ಕಳ್ಳರು ಒರಗಿ ಒರಗಿ ಗೋಡೆಯ ಒಂದು ಭಾಗ ಎಣ್ಣೆ ಹಿಡಿದಿತ್ತು. ಕ್ಯಾಮೆರಾ ಹಿಡಿದ ಪೊಲೀಸಿನವನು ಅಕ್ಕನನ್ನು ಅಲ್ಲಿ ನಿಲ್ಲಿಸಿದ.

"ಸ್ವಾಮಿ, ಈ ಫೋಟೋ ಎಲ್ಲಿಗೆ ಹೋಗತ್ತೆ?"

"ಫೈಲು ಹೋದ ಕಡೆಗೆಲ್ಲ. ಎಲ್ಲ ಠಾಣೆಗೂ."

"ಮಗು ಫೋಟೋ ಪಕ್ಕದಲ್ಲೇ ಇಡ್ತೀರಾ?"

"ಅದೇ ಹಾಳೆಯಲ್ಲೇ ಅಂಟಿಸ್ತೀವಿ."

"ಹಾಗಾದ್ರೆ ಸ್ವಲ್ಪ ನಿಲ್ಲಿ," ಎಂದು ಅಕ್ಕ ಹೊರಗಿನ ನಲ್ಲಿಗೆ ಹೋದಳು. ಮುಖ ತೊಳೆದಳು. ಹುಬ್ಬಿನಲ್ಲಿ ಕೂತ ಹಿಟ್ಟನ್ನು ಉಗುರಿನಿಂದ ಕೆರೆದು ತೆಗೆದಳು. ಫೈಲಿನಲ್ಲಿದ್ದ ಮಗು ಮುಂದಿನ ಹಲ್ಲು ಬಿದ್ದ ಎಂಟು ವರ್ಷದ್ದು. ಈಗ ಬೆಳೆದ ಹೆಣ್ಣು, ಆ ಹಳೇ ಫೋಟೋ ನೋಡಿ ಯಾರು ಗುರುತು ಹಿಡಿಯುತ್ತಾರೆ? ಮಗಳದು ತಾಯಿಯ ಹಣೆ, ತಾಯಿಯ ಮೂಗು ಎಂದು ಎಲ್ಲರೂ ಅನ್ನುತ್ತಿದ್ದರು. ಜಡೆ ಬಿಚ್ಚಿ, ಮಗಳು ನೋಡಿದ್ದ ಕಾಲದಲ್ಲಿ ಬಾಚುತ್ತಿದ್ದ ಹಾಗೆ ಓರೆ ಬೈತಲೆ ತೆಗೆದು ಬಾಚಿಕೊಂಡು, ಬಂದು ಗೋಡೆಗೆ ನಿಂತಳು.

"ನೆಟ್ಟಗೆ ನೋಡಿ... ಅಮ್ಮಾ, ನಗಬೇಡಿ. ಅನುಮಾನದವರು ನಗೋ ಹಾಗಿಲ್ಲ."

"ನಗದಿದ್ರೆ ಅವಳಿಗೆ ಗುರುತು ಸಿಗಲ್ಲ ಸ್ವಾಮಿ. ಅವಳ ಮುಂದೆ ನಾನು ಮುಖ ಗಂಟು ಹಾಕಿದ್ದೇ ಇಲ್ಲ."

ಪೊಲೀಸಿನವನು ಕ್ಯಾಮೆರಾ ಇಳಿಸಿದ. ಬಾಗಿಲಿನಾಚೆ ಬಗ್ಗಿ ನೋಡಿದ. ಸಾಹೇಬರು ಯಾರೊಂದಿಗೋ ಫೋನಿನಲ್ಲಿದ್ದರು.

"ಬೇಗ ನಗಿ," ಎಂದ.